ಸೀಮೆಯಿಂದ ಹಿತ್ತಲಿಗೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯು ವೈದ್ಯರ ವಿಷಯದಲ್ಲಿ ಎಷ್ಟು ದಿಟವೋ ಚರಿತ್ರಕಾರರ ವಿಷಯದಲ್ಲಿಯೂ ಅಷ್ಟೇ ದಿಟ. ನಮ್ಮ ನಾಡಿನ ಶಾಸನಗಳನ್ನು ಓದುವಾಗ ಗದ್ದೆ, ಬೆದ್ದಲೆ, ತೋಂಟ, ಹೂದೋಂಟಗಳ ಎಲ್ಲೆಗಳನ್ನು ಕಲ್ಲುಕಲ್ಲಿಗೂ ಮರಮರಕ್ಕೂ ಗುರುತಿಟ್ಟು ಹೇಳಿರುವುದನ್ನು ಕಾಣುತ್ತೇವೆ. ಆದರೆ ಆ ದಾನವನ್ನು ಪಡೆದವನ ಮನೆಯ ಬಚ್ಚಲ ನೀರು ಯಾವ ಬಸಳೆಯ ಬುಡಕ್ಕೆ ಹರಿಯುತ್ತಿದ್ದಿತು, ಅವನ ಮಾಡಿನ ಮೇಲೆ ಹಬ್ಬಿದ್ದುದು ಕುಂಬಳವೋ ಹೀರೆಯೋ ಎಂಬುದನ್ನು ಕಲ್ಲಿನಲ್ಲಿ ಕೆತ್ತಿಸಿದವರು ಅಪರೂಪ. ಹಿತ್ತಲಿನ ಬೆಳೆಯು ಸಂತೆಗೆ ಹೋಗದೆ ನೇರವಾಗಿ ಒಲೆಗೆ ಹೋಗತಕ್ಕದ್ದು. ಅದನ್ನು ಬೆಳೆದವರೂ ಬಹುಮಟ್ಟಿಗೆ ಮನೆಯ ಹೆಂಗಸರು. ಲೆಕ್ಕ ಬರೆಯುವ ಶಾನುಭೋಗನ ಕಣ್ಣಿಗೆ ಇವೆರಡೂ ಬೀಳದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಸಾಕ್ಷ್ಯವೇ ಇಲ್ಲವೆಂದಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿಯು ಬರೆದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆಯ ವಿಷಯವೂ ಅಡುಗೆಯ ವಿಷಯವೂ ಒಂದೇ ಗ್ರಂಥದೊಳಗೆ ಬಂದಿವೆ. ಇವೆರಡನ್ನೂ ತಿಳಿಯುವುದು ಗೃಹಸ್ಥನಿಗೆ ಲೋಕೋಪಕಾರವೆಂದು ಆತನು ಎಣಿಸಿದುದು ನಮಗೆ ಬಹಳ ಮೆಚ್ಚಿಕೆಯಾಗುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಬದನೆಯ ಕಾಯೊಂದಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಆದರೆ ಆ ಅರಸನ ಅಡುಗೆಮನೆಯಲ್ಲಿ ಮೆಣಸಿನಕಾಯಿಯನ್ನಾಗಲಿ ಆಲೂಗಡ್ಡೆಯನ್ನಾಗಲಿ ಹುಡುಕಿ ಫಲವಿಲ್ಲ. ಅವು ಅಮೆರಿಕಾ ಖಂಡದ ಬೆಳೆಗಳು. ಪೋರ್ಚುಗೀಸರು ಗೋವೆಯನ್ನು ಹಿಡಿದುದೇ 1510ರಲ್ಲಿ.

ಇಂದು ನಾವು ಯಾವುದನ್ನು ‘ನಮ್ಮ ಊಟ’ವೆಂದು ಅಭಿಮಾನದಿಂದ ಕರೆಯುತ್ತೇವೆಯೋ ಅದರಲ್ಲಿ ಎಷ್ಟು ಪಾಲು ಹಡಗಿನಿಂದ ಇಳಿದು ಬಂದುದೆಂದು ಲೆಕ್ಕ ಹಾಕಿದರೆ ಅಭಿಮಾನವು ಸ್ವಲ್ಪ ತಗ್ಗೀತು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಸಿಹಿಗುಂಬಳ, ಹುರುಳಿಕಾಯಿ, ಸಿಹಿಗೆಣಸು, ಇವೆಲ್ಲವೂ ಅಮೆರಿಕೆಯವು. ಹೊಸದಾಗಿ ಬಂದ ಖಾರದ ಕಾಯಿಗೆ ನಮ್ಮವರು ಹೊಸ ಹೆಸರನ್ನು ಹುಡುಕಲಿಲ್ಲ. ಹಳೆಯ ಮೆಣಸನ್ನೇ ಮುಂದಿಟ್ಟು ‘ಮೆಣಸಿನಕಾಯಿ’ ಎಂದರು. ಕ್ರಮೇಣ ಕಾಯಿಯೇ ಮನೆಯ ಯಜಮಾನನಾಗಿ, ಹಳೆಯ ಮೆಣಸು ‘ಕರಿಮೆಣಸು’, ‘ಒಳ್ಳೆಮೆಣಸು’ ಎಂದು ವಿಶೇಷಣವನ್ನು ಹೊತ್ತು ನಿಲ್ಲಬೇಕಾಯಿತು.

ಈ ಚರಿತ್ರೆಗೆ ಇನ್ನೊಂದು ಸಾಕ್ಷಿಯುಂಟು. ಅದು ಶ್ರಾದ್ಧದ ಅಡುಗೆ. ಅನೇಕ ಸಂಪ್ರದಾಯಸ್ಥ ಮನೆಗಳಲ್ಲಿ ಪಿತೃಗಳ ಎಲೆಗೆ ಆಲೂಗಡ್ಡೆ, ಟೊಮೇಟೊ, ಕೋಸು, ಸೀಮೆಬದನೆಗಳನ್ನು ಬಡಿಸುವುದಿಲ್ಲ. ಖಾರಕ್ಕೆ ಮೆಣಸಿನಕಾಯಿಯನ್ನು ಬಿಟ್ಟು ಮೆಣಸನ್ನೇ ಅರೆಯುತ್ತಾರೆ. ಹಾಗಲ, ಬಾಳೆ, ಪಡವಲಗಳಿಗೆ ಮಾತ್ರ ಅಲ್ಲಿ ಪ್ರವೇಶ. ಪುರೋಹಿತರನ್ನು ಕೇಳಿದರೆ ಶಾಸ್ತ್ರದ ಕಾರಣವನ್ನು ಹೇಳಿಯಾರು. ನಮಗೆ ತೋರುವುದಿಷ್ಟೆ: ಆ ದಿನದ ಅಡುಗೆಮನೆಯು ಮಂಗರಸನ ಕಾಲದ ಹಿತ್ತಲನ್ನು ನಾನ್ನೂರು ಐನೂರು ವರ್ಷ ಕದಲಿಸದೆ ಕಾಪಾಡಿಕೊಂಡು ಬಂದ ಒಂದು ವಸ್ತುಸಂಗ್ರಹಾಲಯ.

ಮೈಸೂರು ಸೀಮೆಗೆ ಹೊಸ ಸಸ್ಯಗಳು ಬಂದ ಹೆಬ್ಬಾಗಿಲೆಂದರೆ ಬೆಂಗಳೂರಿನ ಲಾಲ್‌ಬಾಗು. 1760ರಲ್ಲಿ ಹೈದರಾಲಿಯು ಆರಂಭಿಸಿ ಟಿಪ್ಪುವು ಬೆಳೆಸಿದ ಈ ತೋಟವನ್ನು, ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ನನು ನೋಡಿದನು. ದಾರಿಗಳಿಂದ ಬೇರ್ಪಟ್ಟ ಚೌಕದ ಮಡಿಗಳು, ದಾರಿಯ ಇಕ್ಕೆಲಗಳಲ್ಲಿ ಸೈಪ್ರಸ್ ಮರಗಳು, ಮಡಿಗಳೊಳಗೆ ಹಣ್ಣಿನ ಗಿಡಗಳು ಮತ್ತು ಅಡುಗೆಯ ಸೊಪ್ಪುಗಳು, ಹೀಗೆ ಅವನ ವರ್ಣನೆ. ಒಂದೊಂದು ಜಾತಿಗೆ ಒಂದೊಂದು ಮಡಿ. ಗುಲಾಬಿಗೆ ಒಂದು, ದಾಳಿಂಬೆಗೆ ಒಂದು. ಸುಲ್ತಾನರ ವಿಲಾಸದ ತೋಟದಲ್ಲಿಯೂ ಸೊಪ್ಪಿಗೆ ಜಾಗವಿದ್ದಿತೆಂಬುದು ಗಮನಿಸತಕ್ಕ ಮಾತು. ಆ ಸ್ಥಳಕ್ಕೆ ನೀರಿನ ಅಭಾವವೇ ದೊಡ್ಡ ಕೊರತೆಯೆಂದೂ ಅವನು ಬರೆದಿಟ್ಟನು.

ನೀರು! ಹಿತ್ತಲ ಚರಿತ್ರೆಯೆಲ್ಲ ಕೊನೆಗೆ ಬಾವಿಯ ಕಟ್ಟೆಗೇ ಬಂದು ನಿಲ್ಲುತ್ತದೆ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯೂರಿದ ಮೇಲೆ ತರಕಾರಿಗೆ ಹೊಸ ಗಿರಾಕಿಗಳು ಹುಟ್ಟಿಕೊಂಡರು. ಅವರಿಗೂ ಪೇಟೆಗೂ ಬೆಳೆದು ಕೊಟ್ಟವರಲ್ಲಿ ಮುಖ್ಯರು ಕರಗದ ಉತ್ಸವವನ್ನು ನಡೆಸುವ ತಿಗಳರು. ಅವರ ತೋಟಗಳಿಗೆ ಕೆರೆಯೇ ಪ್ರಾಣ. ಸಂಪಂಗಿ ಕೆರೆಯ ನೀರಿನಿಂದ ತೋಟ ಮಾಡುತ್ತಿದ್ದವರು ಒಂದು ಕಡೆ, ಆ ಅಂಗಳವು ಒಣಗಿದ್ದರೆ ಕುದುರೆಯಾಟಕ್ಕೆ ಅನುಕೂಲವೆನ್ನುವ ದಂಡಿನವರು ಇನ್ನೊಂದು ಕಡೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ವ್ಯಾಜ್ಯವು ಸರ್ಕಾರದ ಕಾಗದಗಳನ್ನು ಏರಿತು. ಇಂದು ಅಲ್ಲಿರುವುದು ಕಂಠೀರವ ಕ್ರೀಡಾಂಗಣ. ಧರ್ಮಾಂಬುಧಿಯ ಅಂಗಳದಲ್ಲಿ ಬಸ್ಸುಗಳು ನಿಲ್ಲುತ್ತವೆ. 1894ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದುದು ಊರಿಗೆ ದೊಡ್ಡ ಉಪಕಾರವೇ ಸರಿ. ಮನೆಬಾಗಿಲಿಗೆ ನೀರು ಬಂದ ಮೇಲೆ ಕೆರೆಯನ್ನು ಕೇಳುವವರು ಕಡಿಮೆಯಾದುದೂ ಅಷ್ಟೇ ನಿಜ.

ಹಿತ್ತಲಿದ್ದರೆ ಹಸಿವಿಲ್ಲವೆಂದು ಹೇಳುವವರ ಮಾತನ್ನು ನಾವು ಪೂರ್ಣವಾಗಿ ಒಪ್ಪಲಾರೆವು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ನಡುವೆ ಬಂದುದು 1876-78ರ ಡೊಗೆಬರ. ಬಾವಿಯೇ ಬತ್ತಿದ ಮೇಲೆ ಮೊದಲು ಒಣಗುವುದು ಹಿತ್ತಲು. ಅಲ್ಲದೆ ಬಾವಿ, ಬಚ್ಚಲು, ಬೇಲಿ ಇವುಗಳಿಂದ ಕೂಡಿದ ಹಿತ್ತಲು ಎಷ್ಟು ಮನೆಗಳಿಗೆ ಇದ್ದಿತು? ಕೂಲಿಯ ಮನೆಯ ಹೆಂಗಸಿಗೆ ಹೊಲದ ಬದುವೇ ಹಿತ್ತಲು. ಅಣ್ಣೆ, ಹೊನಗೊನ್ನೆ, ಗೋಣಿಸೊಪ್ಪುಗಳನ್ನು ಉಡಿಯಲ್ಲಿ ತುಂಬಿಕೊಂಡು ಬಂದರೆ ಅದೇ ಅಂದಿನ ಬೆರಕೆಸೊಪ್ಪಿನ ಸಾರು. ಆ ಸೊಪ್ಪುಗಳ ಗುರುತು ಬಲ್ಲವರ ವಿದ್ಯೆಗೆ ಯಾವ ಉದ್ಯಾನ ಇಲಾಖೆಯೂ ಬಿರುದನ್ನು ಕೊಡಲಿಲ್ಲ. 1942ರಲ್ಲಿ ಬರ್ಮಾ ದೇಶವು ಜಪಾನರ ಕೈಸೇರಿ ಅಲ್ಲಿಯ ಅಕ್ಕಿ ನಿಂತುಹೋದಾಗ, ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಕೂಗೆದ್ದು, ಹೂವಿನ ಮಡಿಯನ್ನು ಅಗೆದು ಬದನೆಯನ್ನು ನೆಟ್ಟವರೂ ಉಂಟು. ಅಕ್ಕಿಯ ಕೊರತೆಯನ್ನು ಬದನೆಯು ತುಂಬಲಾರದು. ಅರೆಹೊಟ್ಟೆಯ ಮುದ್ದೆಯ ಜೊತೆಗೆ ಒಂದು ಹಿಡಿ ಸೊಪ್ಪು ಸಿಕ್ಕಿದರೆ ಮಕ್ಕಳ ಕಣ್ಣು ಉಳಿದೀತು. ಅದು ಸಣ್ಣ ಮಾತಲ್ಲ.

ಡೊಗೆಬರಕ್ಕೆ ಎರಡು ವರ್ಷ ಮೊದಲು, 1874ರಲ್ಲಿ, ಲಾಲ್‌ಬಾಗಿನ ಮೇಲ್ವಿಚಾರಕನಾಗಿ ಬಂದ ಜಾನ್ ಕ್ಯಾಮರನ್ನನು 1908ರವರೆಗೆ ಅಲ್ಲಿಯೇ ದುಡಿದನು. ಕೇಳುಗರು ಅವನ ಹೆಸರನ್ನು ಮರೆತಿದ್ದರೂ ಅವನು ತಂದ ಸೀಮೆಬದನೆಯನ್ನು ಮರೆತಿರಲಾರರು. ಇದರ ತವರು ಮೆಕ್ಸಿಕೋ ಮತ್ತು ಅದರ ನೆರೆಯ ನಾಡುಗಳು. ಬದನೆಯೆಂದು ಹೆಸರಾದರೂ ಬದನೆಯ ಕುಲಕ್ಕೂ ಇದಕ್ಕೂ ಸಂಬಂಧವಿಲ್ಲ. ಸೌತೆ ಕುಂಬಳಗಳ ಬಳಗದ ಬಳ್ಳಿಯಿದು. ಇದರ ಬೀಜವನ್ನು ಒಣಗಿಸಿ ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳುಹಿಸುವ ಹಾಗಿಲ್ಲ. ಕಾಯಿಗೆ ಒಂದೇ ಬೀಜ, ಆ ಬೀಜವು ಕಾಯಿಯ ಹೊಟ್ಟೆಯಲ್ಲಿದ್ದಂತೆಯೇ ಮೊಳೆಯುತ್ತದೆ. ಆದುದರಿಂದ ಇದನ್ನು ದೂರದೇಶಕ್ಕೆ ಒಯ್ಯಬೇಕಾದರೆ ಕಾಯಿಯನ್ನೇ ಜೀವದಿಂದ ಒಯ್ಯಬೇಕು, ಇಲ್ಲವೆ ಬಳ್ಳಿಯನ್ನೇ ಒಯ್ಯಬೇಕು. ಸಮುದ್ರಮಟ್ಟಕ್ಕೆ ಮೂರು ಸಾವಿರ ಅಡಿ ಮೇಲಿರುವ ಬೆಂಗಳೂರಿನ ತಂಪು ಅದಕ್ಕೆ ಒಗ್ಗಿತು. ಲಾಲ್‌ಬಾಗಿನಿಂದ ಹಿತ್ತಿಲಿಗೆ, ಹಿತ್ತಿಲಿಂದ ನೆರೆಯ ಹಿತ್ತಿಲಿಗೆ ಅದು ಬೇಲಿ ಹಾರಿ ನಡೆಯಿತು.

ನಾವು ಅದನ್ನು ‘ಸೀಮೆ’ಯದೆಂದು, ಎಂದರೆ ಪರದೇಶದ್ದೆಂದು, ಕರೆಯುತ್ತೇವೆ. ನೆರೆಯ ತಮಿಳರು ‘ಬೆಂಗಳೂರು ಕತ್ತರಿಕ್ಕಾಯಿ’ ಎನ್ನುತ್ತಾರೆ, ತೆಲುಗರು ‘ಬೆಂಗಳೂರು ವಂಕಾಯ’ ಎನ್ನುತ್ತಾರೆ. ಯಾವುದನ್ನು ನಾವು ಹೊರಗಿನದೆಂದೆವೋ ಅದನ್ನು ಅವರು ನಮ್ಮದೆಂದೇ ನಂಬಿದರು.

ಬಲಿತ ಕಾಯಿಯನ್ನು ಮಬ್ಬುಬೆಳಕಿನ ಮೂಲೆಯಲ್ಲಿಟ್ಟು, ಮೊಳಕೆಯು ಇಣುಕಿದ ಮೇಲೆ ಗೊಬ್ಬರ ಬೆರೆಸಿದ ಗುಣಿಯಲ್ಲಿ ಓರೆಯಾಗಿ ಅರ್ಧ ಹೂಳಿ ಚಪ್ಪರ ಹಾಕಿಕೊಟ್ಟರೆ ಸಾಕು. ಕೆಲವು ತಿಂಗಳಲ್ಲಿ ಮನೆಯವರಿಗೆ ತೀರದಷ್ಟು ಕಾಯಿ. ಎಳೆಯ ಕಾಯಿಯ ಪಲ್ಯಕ್ಕೂ ತೊವ್ವೆಗೂ ಸಮವಿಲ್ಲವೆಂದು ನಮ್ಮ ಮತ. ಜಾಣೆಯಾದ ಗೃಹಿಣಿಯು ಸಿಪ್ಪೆಯನ್ನೂ ಎಸೆಯದೆ ಹುರಿದು ಚಟ್ನಿ ಅರೆಯುತ್ತಾಳೆ. ಬಳ್ಳಿಯು ಹಳೆಯದಾದ ಮೇಲೆ ಬೇರಿನಲ್ಲಿ ಕಟ್ಟುವ ಗೆಡ್ಡೆಯನ್ನೂ ಮೆಕ್ಸಿಕೋದ ಜನರು ಅಗೆದು ಬೇಯಿಸಿ ತಿನ್ನುತ್ತಾರೆ. ಆ ರುಚಿಯು ನಮ್ಮ ಅಡುಗೆಮನೆಗಳಲ್ಲಿ ಇನ್ನೂ ಬಳಕೆಗೆ ಬಂದಿಲ್ಲ.