ವಿಜಯಪುರದ ಪೇಟೆ

ವಿಜಯಪುರದ ಪೇಟೆ: ಆದಿಲಶಾಹಿ ರಾಜಧಾನಿಯ ಬಜಾರಾಗಿ ಬೆಳೆದು, ಈಗ ಸುತ್ತಲಿನ ತಾಲ್ಲೂಕುಗಳ ಜೋಳ, ತೊಗರಿ, ಒಣದ್ರಾಕ್ಷಿ, ಕಾಯಿಪಲ್ಲೆಗಳಿಗೆ ಮುಖ್ಯ ಮಾರುಕಟ್ಟೆಯಾಗಿರುವ ವ್ಯಾಪಾರ ಕೇಂದ್ರ. 2014ರ ನವೆಂಬರ್ 1ರವರೆಗೆ ಊರಿನ ಅಧಿಕೃತ ಹೆಸರು ಬಿಜಾಪುರ.

ಹಳೆಯ ಪೇಟೆಯನ್ನು ಕಣ್ಣಿಗೆ ಕಟ್ಟುವಂತೆ ಬರೆದಿಟ್ಟವನು ಅಕ್ಬರನ ದೂತ ಅಸದ್ ಬೇಗ್. ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1603–04ರ ಸುಮಾರಿಗೆ ಇಲ್ಲಿಗೆ ಬಂದ ಅವನು ಮೂವತ್ತು ಗಜ ಅಗಲ, ಎರಡು ಕೋಸು ಉದ್ದದ ಬಜಾರನ್ನೂ ಪ್ರತಿ ಅಂಗಡಿಯ ಮುಂದೆ ಹಸಿರು ಮರವನ್ನೂ ಕಂಡ. ಬಟ್ಟೆ, ಒಡವೆ, ಆಯುಧ, ರೊಟ್ಟಿ, ಮೀನು, ಮದ್ಯ ಎಲ್ಲಕ್ಕೂ ಅಂಗಡಿಗಳಿದ್ದವು. ಅಲ್ಲಿಯವರೆಗೆ ತಾನು ನೋಡಿರದ ಹೊಗೆಸೊಪ್ಪನ್ನೂ ಇಲ್ಲಿಂದಲೇ ಒಯ್ದು ಅಕ್ಬರನ ಮುಂದಿಟ್ಟ. ದೂತರ ಬಣ್ಣನೆಯಲ್ಲಿ ಒಂದಿಷ್ಟು ಒಗ್ಗರಣೆ ಇದ್ದದ್ದೇ. ಆದರೂ ಆ ವೈಭವ ಅರಮನೆಯ ಹಂಗಿನದು ಎಂಬುದು ಸ್ಪಷ್ಟ. 1686ರಲ್ಲಿ ಔರಂಗಜೇಬ ಊರನ್ನು ಗೆದ್ದ ಮೇಲೆ ಅದು ಇಳಿಮುಖವಾಯಿತು.

ಮುಂದಿನ ಪೇಟೆ ನಿಂತದ್ದು ಡೋಣಿ ನದಿಯ ದಂಡೆಯ ಎರಿ ಹೊಲಗಳ ಬಿಳಿಜೋಳದ ಮೇಲೆ. 1876–78ರ ಭೀಕರ ಬರದ ನಂತರ ಈ ಭಾಗಕ್ಕೆ ರೈಲು ಬಂತು. 1884ರಲ್ಲಿ ಗದಗ–ಹೊಟಗಿ ಮಾರ್ಗ, ಮರುವರ್ಷ ಕಲಾದಗಿಯಿಂದ ಜಿಲ್ಲಾ ಕಚೇರಿ. ಮುಂಬಯಿ ಪ್ರಾಂತ್ಯದ 1939ರ ಕೃಷಿ ಮಾರುಕಟ್ಟೆ ಕಾಯ್ದೆ, ಆಮೇಲೆ ಕರ್ನಾಟಕದ 1966ರ ಕಾಯ್ದೆ ತೂಕಕ್ಕೂ ದಲಾಲಿಗೂ ಕಟ್ಟುಪಾಡು ಹಾಕಿದವು.

ಇತ್ತೀಚಿನ ದೊಡ್ಡ ಬದಲಾವಣೆ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿಯದು. ಬೇಸಿಗೆಯ ಹೊತ್ತಿಗೆ ಕಟಾವಾದ ಗೊನೆಗಳನ್ನು ಡಿಪ್ಪಿಂಗ್ ಎಣ್ಣೆ, ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವುತ್ತಾರೆ. ಎರಡು–ಮೂರು ವಾರದಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಸಿದ್ಧ. ಬಣ್ಣ ಹಸಿರಿದ್ದರೆ ಒಂದು ದರ, ಕಂದಿದರೆ ಇನ್ನೊಂದು. ಅಕಾಲಿಕ ಮಳೆ ಬಂದರೆ ದರದ ಮಾತೇ ಬೇರೆ. ಮೊದಲೆಲ್ಲ ಮಾಲು ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿಗೇ ಹೋಗುತ್ತಿತ್ತು, ಈಗಲೂ ಬಹಳಷ್ಟು ಹೋಗುತ್ತದೆ. ವಿಜಯಪುರದ ಎಪಿಎಂಸಿಯಲ್ಲಿ ಆನ್‌ಲೈನ್ ಹರಾಜು ಶುರುವಾದದ್ದರಿಂದ ರೈತರಿಗೆ ಊರಲ್ಲೇ ಇನ್ನೊಂದು ಬಾಗಿಲು ತೆರೆದಂತಾಯಿತು. ದರ ಬಿದ್ದಾಗ ಶೀತಲಗೃಹದಲ್ಲಿಟ್ಟು ಕಾಯುವುದುಂಟು. ಸಾಲದವನಿಗೆ ಆ ಅನುಕೂಲವಿಲ್ಲ. ಬರಗಾಲದಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ಈ ಸೀಮೆಗೆ ತುಬಚಿ–ಬಬಲೇಶ್ವರ ಏತ ನೀರಾವರಿ ಕೃಷ್ಣೆಯ ನೀರನ್ನು ತಂದಿದೆ.

ಚಿಲ್ಲರೆ ಕಾಯಿಪಲ್ಲೆ ವ್ಯಾಪಾರ ಲಾಲ್ ಬಹದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಸುತ್ತ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ, ತಿಕೋಟಾ ದಾರಿಯ ತೊರವಿ ಬಳಿ, ದನಗಳ ಸಂತೆ ಕೂಡುತ್ತದೆ. ಖಿಲಾರಿ ಎತ್ತಿನ ಹಲ್ಲು ಎಣಿಸಿ, ನಡಿಗೆ ನೋಡಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುವವರು ಅಲ್ಲಿ ಸಿಗುತ್ತಾರೆ.