ಓಲೆಯಿಂದ ಹಾಳೆಗೆ, ಹಾಳೆಯಿಂದ ಗಾಜಿನ ಹಲಗೆಗೆ

ಕರವೀರ ಸೀಮೆಯ ಕನ್ನಡಕ್ಕೆ ಸಾಕ್ಷಿ ಬೇಕೆಂದವರನ್ನು ನಾವು ಸಾಮಾನ್ಯವಾಗಿ ಖಿದ್ರಾಪುರದ ಕೋಪೇಶ್ವರ ದೇವಾಲಯಕ್ಕೆ ಕರೆದೊಯ್ಯುತ್ತೇವೆ. ಅಲ್ಲಿ ಕಲ್ಲಿನ ಮೇಲೆ ಕೊರೆದ ಕನ್ನಡ ಶಾಸನಗಳಿವೆ. ಅವು ಇಂದಿಗೂ ನಿಂತಿವೆ. ಆದರೆ ದಾನವನ್ನೂ ದತ್ತಿಯನ್ನೂ ಕಲ್ಲಿನ ಮೇಲೆ ಬರೆಯಿಸಿದ ನಮ್ಮ ಹಿರಿಯರು ಹಾಡನ್ನು ಎಲ್ಲಿ ಬರೆದಿಟ್ಟರು? ಈ ಪ್ರಶ್ನೆ ನಮ್ಮನ್ನು ಕಳೆದ ಶ್ರಾವಣದಿಂದ ಕಾಡುತ್ತಿದೆ. ಅದಕ್ಕೆ ಕಾರಣವಾದ ಸಂಗತಿಯನ್ನು ಮುಂದೆ ನಿವೇದಿಸುವೆವು. ಮೊದಲು ಇತಿಹಾಸ.

ಹಾಡನ್ನು ಬರೆದಿಟ್ಟುಕೊಂಡು ಹಾಡುವುದು ನಮ್ಮಲ್ಲಿ ಬಹುಕಾಲ ಗೌರವದ ಕೆಲಸವಾಗಿರಲಿಲ್ಲ. ಪಾಣಿನೀಯ ಶಿಕ್ಷೆಯು ಅಧಮ ಪಾಠಕರೆಂದು ಆರು ಮಂದಿಯನ್ನು ಎಣಿಸುವಾಗ, ಬರೆದದ್ದನ್ನು ನೋಡಿ ಓದುವವನನ್ನು ಅವರಲ್ಲಿ ಒಬ್ಬನನ್ನಾಗಿ ಮಾಡಿದೆ. (ಅದೇ ಪಂಕ್ತಿಯಲ್ಲಿ ತಲೆಯಲ್ಲಾಡಿಸುವವನೂ ರಾಗ ಎಳೆಯುವವನೂ ಕುಳಿತಿರುವುದರಿಂದ, ನಮ್ಮ ಗವಾಯಿಗಳು ಆ ಶ್ಲೋಕವನ್ನು ಹೆಚ್ಚಾಗಿ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣುವುದಿಲ್ಲ.) ವೇದಕ್ಕೆ ಹೇಳಿದ ಮಾತು ಸಂಗೀತಕ್ಕೂ ಬಂದಿತು. ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಇಳಿದುದೇ ವಿದ್ಯೆ, ಓಲೆಯಲ್ಲಿದ್ದುದು ಅದರ ನೆರಳು ಎಂಬ ಭಾವನೆ ಬೇರೂರಿತು. ಆದರೂ ನೆರಳು ಇಲ್ಲದೆ ಹೋಗಿದ್ದರೆ ನಮಗೆ ಶರಣರ ವಚನಗಳಾಗಲಿ, ದಾಸರ ಪದಗಳಾಗಲಿ ದಕ್ಕುತ್ತಿರಲಿಲ್ಲ. ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಓಲೆಗರಿಯ ಕಟ್ಟುಗಳು ಜಂತಿಗೆ ಸಿಕ್ಕಿಸಿಕೊಂಡು ಉಳಿದವು. ಅವುಗಳಿಂದ ಕಾಗದದ ವಹಿಗಳು ಹುಟ್ಟಿದವು. ಒಂದು ವಹಿಯಿಂದ ಇನ್ನೊಂದು ವಹಿ.

ಅಚ್ಚಿನ ಯುಗವು ನಮ್ಮ ಹಾಡುಗಳಿಗೆ ಕರಾವಳಿಯಿಂದ ಬಂದಿತು. ಮಂಗಳೂರಿನ ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗರು 1850ರಲ್ಲಿ ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಪರದೇಶದಿಂದ ಬಂದ ಪಾದ್ರಿಯೊಬ್ಬರು ಹರಿದಾಸರ ಪದಗಳನ್ನು ಮೊದಲು ಹಾಳೆಗಿಳಿಸಿದರೆಂಬುದು ಈಗಲೂ ನಮಗೆ ವಿನೋದವಾಗಿಯೇ ತೋರುತ್ತದೆ. ವಚನಗಳು ಇನ್ನೂ ಕಾಯಬೇಕಾಯಿತು. ಫ. ಗು. ಹಳಕಟ್ಟಿಯವರು (1880–1964) ವಕೀಲಿಯನ್ನು ಬದಿಗಿಟ್ಟು, ಊರೂರು ಅಲೆದು ಓಲೆಗರಿಗಳನ್ನು ಕೂಡಿಸಿ, 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಬೆಳಗಾವಿಯೆಂದರೆ ಗಡಹಿಂಗ್ಲಜಕ್ಕೆ ದೂರವಲ್ಲ. ಹಿರಣ್ಯಕೇಶಿ ಹೊಳೆಯೇ ನಮ್ಮೂರ ನೀರನ್ನು ಸಂಕೇಶ್ವರಕ್ಕೆ ಹೊತ್ತೊಯ್ಯುವಾಗ, ಆ ಕಡೆಯ ಪುಸ್ತಕ ಈ ಕಡೆಗೆ ಬರುವುದು ಕಷ್ಟವಾದೀತೆ?

ಆದರೆ ಶಬ್ದವನ್ನು ಅಚ್ಚಿಸುವುದು ಒಂದು. ಸ್ವರವನ್ನು ಅಚ್ಚಿಸುವುದು ಮತ್ತೊಂದು. ಈ ಎರಡನೆಯ ಸಾಹಸದಲ್ಲಿ ನಮ್ಮ ಸೀಮೆಯ ಪಾತ್ರ ಅಷ್ಟಿಷ್ಟಲ್ಲ. ವಾಚಕರು ಇಲ್ಲಿ ಸ್ವಲ್ಪ ಸಾವಧಾನದಿಂದ ನಮ್ಮೊಡನೆ ಬರಬೇಕು.

1849ರಲ್ಲಿ ಜನಿಸಿದ ಬಾಲಕೃಷ್ಣಬುವಾ ಅವರು ಗ್ವಾಲ್ಹೇರ ಪರಂಪರೆಯ ವಾಸುದೇವಬುವಾ ಜೋಶಿಯವರ ಬಳಿ ಖ್ಯಾಲ ಗಾಯನವನ್ನು ಕಲಿತು, ಅದನ್ನು ದಕ್ಷಿಣಕ್ಕೆ ತಂದರು. ಇಚಲಕರಂಜಿಯ ಆಶ್ರಯದಲ್ಲಿದ್ದುದರಿಂದ ಅವರ ಹೆಸರಿಗೆ 'ಇಚಲಕರಂಜಿಕರ' ಎಂಬ ಉಪನಾಮ ಅಂಟಿತು. ಇಂದು ಮಗ್ಗಗಳ ಸದ್ದಿಗೆ ಹೆಸರಾದ ಆ ಊರು ಅಂದು ಸಂಗೀತಲೋಕದಲ್ಲಿ ಹೀಗೆ ಪ್ರಸಿದ್ಧವಾಯಿತು. ಬುವಾ ಅವರ ವಿದ್ಯೆಯೆಲ್ಲ ಕಂಠದಲ್ಲಿ. ಗುರುಸೇವೆ ಮಾಡಿ, ವರ್ಷಗಟ್ಟಲೆ ಕೇಳಿ, ತಿದ್ದಿಸಿಕೊಂಡು ಪಡೆದುದನ್ನು ಅದೇ ಕ್ರಮದಿಂದ ಶಿಷ್ಯರಿಗೆ ಕೊಟ್ಟರು.

ಅವರ ಶಿಷ್ಯರಲ್ಲಿ ಒಬ್ಬರು ಕುರುಂದವಾಡದ ಹುಡುಗ, ವಿಷ್ಣು ದಿಗಂಬರ ಪಲುಸ್ಕರರು (1872–1931). ದತ್ತಜಯಂತಿಯ ಉತ್ಸವದಲ್ಲಿ ಪಟಾಕಿಯೊಂದು ಮುಖದೆದುರು ಸಿಡಿದು ಬಾಲ್ಯದಲ್ಲಿಯೇ ಅವರ ಕಣ್ಣುಗಳಿಗೆ ಅಪಾಯವಾಯಿತು. ಶಾಲೆಯ ಓದು ನಿಂತಿತು. ಆಗ ಅವರನ್ನು ಮಿರಜಿನಲ್ಲಿ ಬುವಾ ಅವರ ಬಳಿ ಸಂಗೀತಕ್ಕೆ ಬಿಟ್ಟರು. ಓದಲು ಕಷ್ಟಪಡುವ ಕಣ್ಣುಗಳುಳ್ಳ ಈ ಪುರುಷನೇ ಮುಂದೆ ಸಂಗೀತವನ್ನು ಕಾಗದಕ್ಕೆ ತಂದವರಲ್ಲಿ ಅಗ್ರಗಣ್ಯರಾದರು. 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಸ್ವರಕ್ಕೂ ತಾಳಕ್ಕೂ ಚಿಹ್ನೆಗಳನ್ನು ಕಲ್ಪಿಸಿ, ಪಾಠಪುಸ್ತಕಗಳನ್ನು ಮುದ್ರಿಸಿದರು. ಗುರುವಿನ ಮನೆಯಲ್ಲಿ ನೀರು ಹೊರದೆಯೂ ಸಾಮಾನ್ಯ ಗೃಹಸ್ಥನ ಮಗನು ಸಂಗೀತ ಕಲಿಯಬಹುದೆಂಬುದು ಆ ಪುಸ್ತಕಗಳ ಅರ್ಥ. ವಿಷ್ಣು ನಾರಾಯಣ ಭಾತಖಂಡೆಯವರು (1860–1936) ಮತ್ತೊಂದು ಲಿಪಿಯನ್ನು ರೂಢಿಸಿ, ಘರಾಣೆಗಳಲ್ಲಿ ಹುದುಗಿದ್ದ ಚೀಜುಗಳನ್ನು ಕಲೆಹಾಕಿ 'ಕ್ರಮಿಕ ಪುಸ್ತಕ ಮಾಲಿಕೆ'ಯಲ್ಲಿ ಹೊರತಂದರು. ಗುರುವು ಕಂಠದಲ್ಲಿಟ್ಟುದನ್ನು ಶಿಷ್ಯನು ಪೇಟೆಯಲ್ಲಿಟ್ಟನೆಂದು ಅಂದು ಆಕ್ಷೇಪಿಸಿದವರು ಇಲ್ಲದಿರಲಿಲ್ಲ. ಅವರ ಮಾತು ಪೂರ್ತಿ ಸುಳ್ಳಲ್ಲವೆಂದು ನಾವು ಒಪ್ಪುತ್ತೇವೆ: ಮೀಂಡನ್ನೂ ಗಮಕವನ್ನೂ ಯಾವ ಚಿಹ್ನೆಯೂ ಪೂರ್ತಿ ಹಿಡಿದಿಲ್ಲ. ಆದರೆ ಕಾಗದವಿಲ್ಲದಿದ್ದರೆ ನಮ್ಮಂಥವರಿಗೆ ಸಂಗೀತದ ಹೊಸ್ತಿಲೂ ಕಾಣುತ್ತಿರಲಿಲ್ಲ.

ಇದೇ ಕಾಲದಲ್ಲಿ ಕೊಲ್ಲಾಪುರದ ಶಾಹೂ ಮಹಾರಾಜರ ಆಸ್ಥಾನದಲ್ಲಿ ಅಲ್ಲಾದಿಯಾಖಾನರು (1855–1946) ಇದ್ದರು. 1922ರಲ್ಲಿ ಮಹಾರಾಜರು ತೀರಿಕೊಳ್ಳುವವರೆಗೂ ಕೊಲ್ಲಾಪುರವೇ ಅವರ ನೆಲೆ. ಅವರ ಗಾಯನದ ಒಂದು ತಟ್ಟೆಯೂ ನಮಗೆ ಉಳಿದಿಲ್ಲ. ಕಲಕತ್ತೆಯಲ್ಲಿ ಗೌಹರಜಾನರು 1902ರಲ್ಲಿಯೇ ಗ್ರಾಮಾಫೋನಿಗೆ ಹಾಡಿದ್ದರು. ಖಾನಸಾಹೇಬರು ಆ ಮೇಲೆ ನಾಲ್ಕು ದಶಕಗಳಿಗಿಂತ ಹೆಚ್ಚು ಬದುಕಿದ್ದರೂ ಆ ಕಂಠ ಯಂತ್ರಕ್ಕೆ ಸಿಕ್ಕಲಿಲ್ಲ. ಆದರೆ ತಮ್ಮ ಜೀವನವೃತ್ತಾಂತವನ್ನು ಮೊಮ್ಮಗ ಅಜೀಜುದ್ದೀನಖಾನರಿಗೆ ಹೇಳಿ ಬರೆಯಿಸಿದರು. ಮಾತು ಕಾಗದಕ್ಕೆ ಬಂದಿತು, ಗಾಯನವು ಮಕ್ಕಳಾದ ಮಂಜಿಖಾನ, ಭೂರ್ಜಿಖಾನರ ಕಂಠಕ್ಕೆ ಹೋಯಿತು. ಆ ಇಬ್ಬರಿಂದಲೂ ವಿದ್ಯೆ ಪಡೆದವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು (1910–1992). 1937ರಲ್ಲಿ ಮಂಜಿಖಾನರು ತೀರಿಕೊಂಡಾಗ ಅನಾಥರಾದಂತಾಗಿ ಭೂರ್ಜಿಖಾನರನ್ನು ಆಶ್ರಯಿಸಿದರು. ಅದಕ್ಕೂ ಮೊದಲು ಅವರಿಗೆ ಪಾಠ ಹೇಳಿದ್ದವರು ಮಿರಜಿನ ನೀಲಕಂಠಬುವಾ ಆಲೂರಮಠರು. ಕೊಲ್ಲಾಪುರದ ಅಪರೂಪದ ರಾಗಗಳೂ ಶರಣರ ವಚನಗಳೂ ಒಂದೇ ಕೊರಳಲ್ಲಿ ಕೂಡಿದುದನ್ನು ಧಾರವಾಡ ಆಕಾಶವಾಣಿಯು ಗಡಿಯ ಈಚೆಯ ಮನೆಗಳಿಗೂ ಮುಟ್ಟಿಸಿತು. ಆ ಕೇಂದ್ರವು ಪ್ರಾರಂಭವಾದುದು 1950ರ ಜನವರಿಯಲ್ಲಿ. ನಮ್ಮ ತಂದೆಯವರ ತಲೆಮಾರಿನ ಎಷ್ಟೋ ವಹಿಗಳಲ್ಲಿ ಆಕಾಶವಾಣಿಯನ್ನು ಕೇಳುತ್ತ ಅವಸರದಿಂದ ಬರೆದುಕೊಂಡ ಸಾಲುಗಳಿವೆ. ನಡುವೆ ಬಿಟ್ಟುಹೋದ ಶಬ್ದದ ಜಾಗ ಖಾಲಿಯಾಗಿಯೇ ಇದೆ.

ಇದೇ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಗಾಯನವನ್ನು ಕಲಿತ ಇನ್ನೊಬ್ಬರು ಪಂಚಾಕ್ಷರಿ ಗವಾಯಿಗಳು (1892–1944). ಹುಟ್ಟು ಕುರುಡರಾದ ಅವರಿಗೆ ಓಲೆಯೂ ಒಂದೇ, ಹಾಳೆಯೂ ಒಂದೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರೂ, ಅವರ ತರುವಾಯ ಪುಟ್ಟರಾಜ ಗವಾಯಿಗಳೂ (1914–2010) ಕಣ್ಣಿಲ್ಲದ ಎಷ್ಟೋ ಮಕ್ಕಳನ್ನು ಗವಾಯಿಗಳನ್ನಾಗಿ ಮಾಡಿದರು. ನಾವು ಬರಹದ ಮಹಿಮೆಯನ್ನು ಹೊಗಳುವಾಗಲೆಲ್ಲ ಈ ಆಶ್ರಮದ ನೆನಪು ನಮ್ಮ ಬಾಯಿಯನ್ನು ಸ್ವಲ್ಪ ಕಟ್ಟುತ್ತದೆ.

ಇನ್ನು ಹಲಗೆಯ ವಿಚಾರ. ನಾವು ಗಾಜಿನ ಹಲಗೆಯೆಂದು ಕರೆಯುತ್ತಿರುವುದು ಟ್ಯಾಬ್ಲೆಟ್ಟನ್ನು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಈ ವಸ್ತು ಜಗತ್ತಿನಲ್ಲೆಲ್ಲ ಹರಡಿತು. ಬೆಲ್ಜಿಯಂ ದೇಶದ ಬ್ರಸೆಲ್ಸ್ ಫಿಲ್‌ಹಾರ್ಮೋನಿಕ್ ಎಂಬ ದೊಡ್ಡ ವಾದ್ಯವೃಂದವು 2012ರಲ್ಲಿ ಕಾಗದದ ಸ್ವರಲಿಪಿಯನ್ನು ಬದಿಗಿಟ್ಟು ಟ್ಯಾಬ್ಲೆಟ್ಟುಗಳನ್ನೇ ಎದುರಿಗಿಟ್ಟುಕೊಂಡು ನುಡಿಸಿತು. ಅವರಿಗೆ ಅದು ಅವಶ್ಯವೂ ಹೌದು. ಅವರ ಪ್ರತಿಯೊಂದು ಸ್ವರವೂ ಬರೆದಂತೆಯೇ ಬರಬೇಕು, ಎರಡು ಕೈಗಳೂ ವಾದ್ಯದಲ್ಲಿರುವಾಗ ಹಾಳೆ ತಿರುವುವುದು ಸಂಕಟ. ಆದ್ದರಿಂದ ಕಾಲಿನಿಂದ ಒತ್ತಿ ಪುಟ ತಿರುವುವ ಸಾಧನವೂ ಬಂದಿದೆ. ನಮ್ಮವರಿಗೆ ಬೇಕಾದುದು ಸಾಹಿತ್ಯ ಮಾತ್ರ, ಸ್ವರವನ್ನು ನೆನಪೇ ನೋಡಿಕೊಳ್ಳುತ್ತದೆ. ಹೀಗಿದ್ದೂ ನಮ್ಮ ಭಜನಾಮೇಳಗಳಲ್ಲಿ ಪೇಟಿಯ ಮೇಲೆ ವಹಿ ಇರುತ್ತಿದ್ದ ಜಾಗದಲ್ಲಿ ಈಗ ಹಲಗೆ ಕುಳಿತಿದೆ. ತಂಬೂರಿಯ ಶ್ರುತಿಯೂ ಅದರೊಳಗಿನಿಂದಲೇ ಬರುತ್ತದೆ. ತಲೆತಲಾಂತರದಿಂದ ತಂಬೂರಿ ಕಟ್ಟುವ ಮಿರಜಿನ ಕುಶಲಕರ್ಮಿಗಳ ಕೆಲಸಕ್ಕೆ 2024ರಲ್ಲಿ ಭೌಗೋಳಿಕ ಸೂಚನೆಯ ಮನ್ನಣೆ ದೊರೆತಿರುವಾಗಲೇ, ಅವರ ನೆರೆಯೂರುಗಳಲ್ಲಿ ತಂಬೂರಿಯಿಲ್ಲದೆ ತಂಬೂರಿ ನುಡಿಯುತ್ತಿದೆ.

ಕಳೆದ ಶ್ರಾವಣ ಸೋಮವಾರ ನಡೆದುದನ್ನು ಈಗ ಹೇಳುವೆವು. ನಮ್ಮ ಮೇಳದ ತರುಣರು ಪಟ್ಟಿ ಎತ್ತಿ ಒಂದು ಹಲಗೆಯನ್ನು ಕೊಂಡಿದ್ದರು. ಅದರಲ್ಲಿ ನೂರಾರು ಪದಗಳು. ಮೊದಲನೆಯ ಎರಡು ಪದಗಳು ಸುಖವಾಗಿ ಸಾಗಿದವು. ಮೂರನೆಯದರ ಮೂರನೆಯ ನುಡಿಯಲ್ಲಿ ಮೇಳವು ಎರಡಾಗಿ ಒಡೆಯಿತು. ಹಲಗೆ ನೋಡುತ್ತಿದ್ದ ಹುಡುಗರು ಅಚ್ಚಿನ ಪುಸ್ತಕದ ಪಾಠವನ್ನು ಹಾಡಿದರು. ಕಣ್ಣು ಮುಚ್ಚಿದ್ದ ಹಿರಿಯರು ನಮ್ಮೂರಿನ ಪಾಠವನ್ನು ಹಾಡಿದರು. ತಾಳ ನಿಂತಿತು. "ಯಾರದು ತಪ್ಪು, ಗುರುಗಳೆ?" ಎಂದು ಎರಡು ಕಡೆಯವರೂ ನಮ್ಮತ್ತ ತಿರುಗಿದರು. ವಿದ್ವಾನ್ ಪದವಿಯು ಇಂಥ ವೇಳೆಯಲ್ಲಿಯೇ ಭಾರವಾಗುತ್ತದೆ. ಎರಡೂ ಛಂದಸ್ಸಿಗೆ ಸರಿಹೊಂದುತ್ತಿದ್ದವು, ಎರಡಕ್ಕೂ ಅರ್ಥವಿತ್ತು. ಹಲಗೆಯಲ್ಲಿದ್ದುದು ಸಂಪಾದಕರು ಆರಿಸಿದ ಪಾಠ. ಹಿರಿಯರದು ಮೂರು ತಲೆಮಾರು ಹಾಡಿ ಸವೆಸಿದ ಪಾಠ. ಹೀಗೆಯೇ ಬಿಟ್ಟರೆ ಇನ್ನು ಹತ್ತು ವರ್ಷದಲ್ಲಿ ಒಂದೇ ಪಾಠ ಉಳಿಯುವುದೆಂಬುದು ಆ ರಾತ್ರಿ ನಮಗೆ ಸ್ಪಷ್ಟವಾಯಿತು. ಅಚ್ಚಿನ ಪುಸ್ತಕ ಬಂದಾಗಲೂ ಹೀಗಾಗಿರಬಹುದು, ಆದರೆ ಆಗ ಮೇಳಕ್ಕೊಂದು ವಹಿ ಇತ್ತು.

ಮರುವಾರದಿಂದ ನಾವು ವಹಿಗಳನ್ನು ಬೇಡಲು ಹೊರಟೆವು. ನೂಲ, ಹಲಕರ್ಣಿ, ಬಸರ್ಗೆಯ ಕಡೆಯ ಬಂಧುಗಳ ಮನೆಗಳಿಗೆ ಹೋದೆವು. ಹಾಡಿದವರು ತೀರಿಕೊಂಡ ಮೇಲೆ ವಹಿಯನ್ನು ಹೊಳೆಗೆ ಬಿಟ್ಟೆವೆಂದು ಇಬ್ಬರು ಹೇಳಿದರು. ಸಿಕ್ಕವುಗಳನ್ನು ಅದೇ ಟ್ಯಾಬ್ಲೆಟ್ಟಿನಿಂದ ಪುಟಪುಟವಾಗಿ ಚಿತ್ರ ತೆಗೆದೆವು. ಅವುಗಳನ್ನು ಟೈಪು ಮಾಡಿ ಇಡುವುದೇ ಲೇಸೆಂದು ತರುಣರು ವಾದಿಸಿದರು. ಅಕ್ಷರ ದೊಡ್ಡದಾಗುತ್ತದೆ, ಹುಡುಕುವುದು ಸುಲಭ. 'ವಚನ ಸಂಚಯ'ದಂಥ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಶಬ್ದ ಹಿಡಿದು ಹುಡುಕಬಹುದೆಂಬುದೂ ನಿಜ. ಆದರೆ ವಹಿಯ ಅಂಚಿನಲ್ಲಿ ಹಾಡಿದವರು ಬರೆದಿಟ್ಟ ಧಾಟಿಯ ಸೂಚನೆ, ಹೊಡೆದುಹಾಕಿದ ಸಾಲು, ಇಂಥ ನಾಟ್ಯಗೀತದ ಮಟ್ಟಿನಲ್ಲಿ ಎಂಬ ಮರಾಠಿ ಟಿಪ್ಪಣಿ, ಇವು ಟೈಪಿನಲ್ಲಿ ಉದುರಿಹೋಗುತ್ತವೆ. ಹಳೆಯ ತಂತ್ರಾಂಶಗಳಲ್ಲಿ ಟೈಪಿಸಿದುದರ ಗತಿಯನ್ನೂ ಕಂಡಿದ್ದೇವೆ: ಅವುಗಳಲ್ಲಿ ಕನ್ನಡ ಅಕ್ಷರವು ರೋಮನ್ ಅಕ್ಷರದ ಸ್ಥಾನದಲ್ಲಿ ಕುಳಿತಿರುತ್ತದೆ; ಆ ಫಾಂಟು ಇಲ್ಲದ ಹಲಗೆಯಲ್ಲಿ ತೆರೆದರೆ ಪದವೆಲ್ಲ ಪರಂಗಿ ಕಸವಾಗುತ್ತದೆ. ಯೂನಿಕೋಡ್ ಬಂದು ಈ ಪೀಡೆ ತೊಲಗಿದೆಯಾದರೂ ಹಿಂದೆ ಟೈಪಿಸಿಟ್ಟುದು ತಾನಾಗಿ ತಿದ್ದಿಕೊಳ್ಳಲಿಲ್ಲ. ಆದ್ದರಿಂದ ಚಿತ್ರವೂ ಇರಲಿ, ಟೈಪೂ ಇರಲಿ ಎಂದು ನಿರ್ಣಯಿಸಿದೆವು.

ದೊರೆತ ವಹಿಗಳಲ್ಲಿ ಒಂದು ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಅದು ನಮ್ಮ ಸೋದರತ್ತೆಯವರದು. ಮನೆಮಾತು ಕನ್ನಡ, ಕಲಿತುದು ಮರಾಠಿ ಶಾಲೆ. ಆದ್ದರಿಂದ ಕನ್ನಡ ಪದಗಳನ್ನೆಲ್ಲ ಬಾಳಬೋಧ ಲಿಪಿಯಲ್ಲಿ ಬರೆದುಕೊಂಡಿದ್ದರು. ಇಂಥ ವಹಿಗಳು ನಮ್ಮಲ್ಲಿ ಅಪರೂಪವಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಜನರು ಈಗ ಹಾಗೆಯೇ ಬರೆದುಕೊಳ್ಳುತ್ತಾರೆ. ಹಲಗೆಯು ಒಂದು ಲಿಪಿಯಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಮಗುಚಿಹಾಕುತ್ತದೆಂದು ನಾವು ಹಿಗ್ಗಿದೆವು. ಆದರೆ ಮರಾಠಿಯಲ್ಲಿ ಳಕಾರವುಂಟೇ ಹೊರತು ಹ್ರಸ್ವ ಎಕಾರ ಒಕಾರಗಳಿಗೆ ರೂಢಿಯ ಅಕ್ಷರಗಳಿಲ್ಲ. 'ಕೊಡು' ಎಂದರೆ ಎರಡು ಮಾತ್ರೆ, 'ಕೋಡು' ಎಂದರೆ ಮೂರು. ಅಲ್ಲಿ ಎರಡೂ ಒಂದೇ ಬರಹ. 'ಬೆಳೆ' ಮತ್ತು 'ಬೇಳೆ' ಒಂದೇ. ಯಂತ್ರವು ಎಲ್ಲವನ್ನೂ ದೀರ್ಘವಾಗಿಯೇ ಮಗುಚಿತು. ಕಿವಿಯಲ್ಲಿ ಕನ್ನಡವಿದ್ದ ಅತ್ತೆಯವರಿಗೆ ಆ ಲಿಪಿ ಸಾಕಾಗಿತ್ತು. ಎಲ್ಲಿ ಮೊಟಕು ಮಾಡಬೇಕೆಂದು ನಾಲಿಗೆಗೆ ಗೊತ್ತಿತ್ತು. ಅದೇ ಹಾಳೆಯನ್ನು ಮೊಮ್ಮಗಳು ಓದಿದರೆ ಮಾತ್ರೆ ಏರುತ್ತದೆ, ತಾಳ ಜಾರುತ್ತದೆ, ಅರ್ಥವೂ ಜಾರುತ್ತದೆ.

ಆದುದರಿಂದ ಈ ವಹಿಯನ್ನು ಸಂಜೆ ಶಾಲೆ ಬಿಟ್ಟ ಮೇಲೆ ನಾಲ್ಕೈದು ಮಕ್ಕಳನ್ನು ಕೂಡಿಸಿಕೊಂಡು ಕೈಯಿಂದಲೇ ಕನ್ನಡ ಲಿಪಿಗೆ ತರುತ್ತಿದ್ದೇವೆ. ಮಕ್ಕಳು ಹಲಗೆಯಲ್ಲಿ ಚಿತ್ರವನ್ನು ಹಿಗ್ಗಿಸಿ ಓದುತ್ತಾರೆ, ಒಬ್ಬ ಅಜ್ಜಿ ಹಾಡುತ್ತಾರೆ, ನಾವು ಬರೆಯುತ್ತೇವೆ. ಎಂಟು ಹಾಳೆಗಳಾಗಿವೆ. ಒಂಬತ್ತನೆಯದರಲ್ಲಿ ತವರುಮನೆಯ ಮಾತು ಬರುವೆಡೆ ಒಂದು ಶಬ್ದದ ಮುಂದೆ ನಿಂತಿದ್ದೇವೆ: ಅದು 'ಓಲೆ'ಯೋ 'ಒಲೆ'ಯೋ? ತವರಿನಿಂದ ಬಂದ ಕಾಗದವೆಂದರೂ ಒಪ್ಪುತ್ತದೆ, ತವರಿನ ಅಡಿಗೆಮನೆಯ ಬೆಂಕಿಯೆಂದರೂ ಒಪ್ಪುತ್ತದೆ. ಅಜ್ಜಿಗೆ ಆ ಪದ ಬಾರದು. ಅತ್ತೆಯವರೊಡನೆ ಹಾಡುತ್ತಿದ್ದವರೊಬ್ಬರು ಹಲಕರ್ಣಿಯ ಕಡೆ ಇನ್ನೂ ಇದ್ದಾರೆಂದು ತಿಳಿದಿದೆ; ಬರುವ ಭಾನುವಾರ ಹಲಗೆಯನ್ನೂ ವಹಿಯನ್ನೂ ತೆಗೆದುಕೊಂಡು ಅವರಲ್ಲಿಗೆ ಹೋಗುವವರಿದ್ದೇವೆ.