ಅಂಗಿಯ ಮೇಲಿನ ಘೋಷಣೆ

ಅಬಿಡ್ಸ್‌ನಲ್ಲಿ ಮಕ್ಕಳಿಗೆ ಬಟ್ಟೆ ಕೊಳ್ಳುವಾಗ ಟೀ ಶರ್ಟಿನ ಮೇಲಿನ ಬರಹವನ್ನು ನಾವು ಓದುವುದೇ ಅಪರೂಪ. ಸಲಿಂಗಪ್ರೇಮಿಗಳ ಹಕ್ಕಿನ ಹೋರಾಟದಲ್ಲಾದರೋ ಆ ಬರಹವೇ ಮುಖ್ಯ. 1970ರ ಮೇ 1ರಂದು ನ್ಯೂಯಾರ್ಕಿನ ಮಹಿಳಾ ಸಮ್ಮೇಳನವೊಂದರಲ್ಲಿ ಸಲಿಂಗಪ್ರೇಮಿ ಸ್ತ್ರೀಯರು, ತಮ್ಮನ್ನು ಹಳಿದಿದ್ದ ‘ಲ್ಯಾವೆಂಡರ್ ಮೆನೇಸ್’ (ನೇರಳೆ ಪಿಡುಗು) ಎಂಬ ಮಾತನ್ನೇ ಅಂಗಿಯ ಮೇಲೆ ಮೂಡಿಸಿಕೊಂಡು ಎದ್ದು ನಿಂತರು.

ಕಲ್ಕತ್ತಾದಲ್ಲಿ 1999ರ ಜುಲೈ 2ರಂದು 15 ಮಂದಿ ಹಳದಿ ಟೀ ಶರ್ಟು ತೊಟ್ಟು ‘ಸ್ನೇಹ ನಡಿಗೆ’ ಕೈಗೊಂಡರು. ಕೈಯಲ್ಲಿನ ಫಲಕವನ್ನಾದರೆ ಕೆಳಗಿಡಬಹುದು. ತೊಟ್ಟ ಅಂಗಿಯನ್ನು ನಡುಬೀದಿಯಲ್ಲಿ ಕಳಚುವಂತಿಲ್ಲ. ಅಂದು ದಂಡಸಂಹಿತೆಯ 377ನೆಯ ಕಲಮು ಜಾರಿಯಲ್ಲಿತ್ತೆಂಬುದನ್ನು ನಾವು ನೆನೆಯಬೇಕು. ಇಂಥ ನಡಿಗೆ ಬೆಂಗಳೂರಿನಲ್ಲಿ 2008ರಲ್ಲಿ, ನಮ್ಮ ಹೈದರಾಬಾದಿನಲ್ಲಿ 2013ರಲ್ಲಿ ಮೊದಲಾಯಿತು. ವಯಸ್ಕರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಅಂತಿಮವಾಗಿ ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು.